ನೋಡಿದೆ ಅಂದ ಗಂಟಲಿನ ಗೆರೆ

ಆ ವರ್ಷ ನನ್ನ ಹಕ್ಕಿ ಪಟ್ಟಿ, ಅಂದರೆ ನಾನು ನೋಡಿ ಗುರುತಿಸಿದ ಜಾತಿಗಳ ಲೆಕ್ಕ, 299ಕ್ಕೆ ಬಂದು ನಿಂತಿತ್ತು. ಪಟ್ಟಿ ಇಟ್ಟವರಿಗೆ ಈ ಸಂಕಟ ಗೊತ್ತು, ಉಳಿದವರು ನಕ್ಕರೂ ಪರವಾಗಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಆಗುಂಬೆ ಹತ್ತಿರ, ಅಡಿಕೆ ತೋಟ ಮುಗಿದು ಕಾಡು ಶುರುವಾಗುವ ಕಡೆ, ಸಣ್ಣದೊಂದು ಬೇಟೆ ಹಕ್ಕಿ ಸರ್ರನೆ ಬಂದು ಹಲಸಿನ ಕೊಂಬೆ ಮೇಲೆ ಕೂತಿತು. ಐದಾರು ಸೆಕೆಂಡು ಅಷ್ಟೇ. ಮತ್ತೆ ಕಾಡಿನೊಳಗೆ ನುಗ್ಗಿತು.

"ಬೆಸ್ರಾ!" ಅಂದೆ.

ಬೆಸ್ರಾ, ಶಿಕ್ರಾ ಎರಡೂ ಅಣ್ಣತಮ್ಮಂದಿರಂತೆ ಇರುತ್ತವೆ. ಶಿಕ್ರಾ ಬೆಂಗಳೂರಿನ ಪಾರ್ಕಿನಲ್ಲೂ ಸಿಗುತ್ತದೆ. ಬೆಸ್ರಾ ನಮ್ಮಲ್ಲಿ ಘಟ್ಟದ ದಟ್ಟ ಕಾಡಿನ ಹಕ್ಕಿ. ಗಂಟಲಿನ ನಡುವೆ ಎರಡಕ್ಕೂ ಒಂದು ಗೆರೆ ಉಂಟು. ಶಿಕ್ರಾದ್ದು ತೆಳು, ಬೆಸ್ರಾದ್ದು ದಪ್ಪ. ತಲೆನೋವು ಎಳೆಯ ಹಕ್ಕಿಗಳದ್ದು. ಎರಡಕ್ಕೂ ಬೆನ್ನು ಕಂದು, ಎದೆ ತುಂಬ ಗೀರು, ಚುಕ್ಕೆ. ಎಳೆಯ ಶಿಕ್ರಾದ ಗಂಟಲಿನ ಗೆರೆಯಂತೂ ಬೆಳೆದದ್ದಕ್ಕಿಂತ ಎದ್ದು ಕಾಣುತ್ತದೆ. ನಮಗೆ ಸಿಕ್ಕಿದ್ದೂ ಕಂದು ಬೆನ್ನಿನದೇ.

ಜೊತೆಗೆ ಒಬ್ಬರು ಹಿರಿಯರಿದ್ದರು, ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. "ಗಂಟಲಿನ ಗೆರೆ ನೋಡಿದ್ಯೇನಪ್ಪಾ?" ಅಂದರು.

"ನೋಡಿದೆ ಸಾರ್. ದಪ್ಪ ಇತ್ತು."

ಅವರು ಹ್ಞೂಂ ಅಂದು ಮುಂದೆ ನಡೆದರು. ನಾನು ನಿಂತಲ್ಲೇ ಮೊಬೈಲ್ ತೆಗೆದು, ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಆ್ಯಪ್‌ನಲ್ಲಿ ಬೆಸ್ರಾ ಅಂತ ಸೇರಿಸಿಬಿಟ್ಟೆ. ಮುನ್ನೂರು!

ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಗೆರೆ ಚೆನ್ನಾಗಿ ಕಾಣುತ್ತಿತ್ತು. ಹಕ್ಕಿ ಎಡಕ್ಕೆ ತಿರುಗಿ ಕೂತಿದೆ, ಗಂಟಲು ಬೆಳ್ಳಗೆ, ನಡುವೆ ಕಪ್ಪು ಗೆರೆ. ಎದ್ದು ಕ್ಯಾಮೆರಾ ನೋಡಿದೆ. ಒಂದೇ ಫೋಟೋ, ಅದೂ ಮಸುಕು. ಅದರಲ್ಲಿ ಹಕ್ಕಿಯ ಮುಖ ಬಲಕ್ಕಿತ್ತು. ನಮ್ಮ ಕಡೆಗೆ ಇದ್ದದ್ದು ಬೆನ್ನು, ಬಾಲ. ಎಡಕ್ಕೆ ತಿರುಗಿ ಕೂತ ಬೆಸ್ರಾ ಎಲ್ಲಿತ್ತು ಗೊತ್ತಾ? ಬ್ಯಾಗಿನಲ್ಲಿದ್ದ ಪುಸ್ತಕದ ಚಿತ್ರದಲ್ಲಿ.

ನಾನು ಬೇಕಂತಲೇ ಸುಳ್ಳು ಹೇಳಿರಲಿಲ್ಲ. ಹಾಗಂತ ನಿಜವನ್ನೂ ಹೇಳಿರಲಿಲ್ಲ. ಮೇಷ್ಟ್ರು ಕೇಳಿದ ಮೇಲೆ ನನಗೆ ಗೆರೆ ಕಂಡಿತ್ತು.

ಬೆಳಿಗ್ಗೆ ಕಾಫಿ ಕುಡಿಯುವಾಗ ಮೇಷ್ಟ್ರಿಗೆ ವಿಷಯ ಹೇಳಿದೆ. ನಾಚಿಕೆಯಾಗುತ್ತಿತ್ತು. "ನನಗೂ ಬಾಲ ಮಾತ್ರ ಕಂಡಿದ್ದು. ನೀನು ಅಷ್ಟು ಜೋರಾಗಿ ಹೇಳಿದ್ಯಲ್ಲ, ನಾನೇ ಕುರುಡ ಅಂದ್ಕೊಂಡೆ" ಅಂದರು. ಅಲ್ಲೇ ಬೆಸ್ರಾ ತೆಗೆದು ಹಾಕಿದೆ. ಇಬರ್ಡ್‌ನಲ್ಲಿ ಜಾತಿ ಹೇಳದೆ ಗುಂಪಿನ ಹೆಸರಷ್ಟೇ ಬರೆಯುವ ಅವಕಾಶ ಇದೆ. ಅದು ಸೋತವರಿಗೆ ಅಂತ ನಾನೇ ಅಂದುಕೊಂಡಿದ್ದೆ. ಪಟ್ಟಿ ಮತ್ತೆ 299.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಪುಸ್ತಕ, ಆ್ಯಪ್ ತೆರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಬರೆಯುವುದು. ಕಾಣದ್ದನ್ನೂ ಬರೆಯುವುದು: "ಗಂಟಲು ಕಾಣಲಿಲ್ಲ", "ಕಾಲಿನ ಬಣ್ಣ ಗೊತ್ತಾಗಲಿಲ್ಲ". ಹೀಗೆ ಬರೆದ ಮೇಲೆ ಪುಸ್ತಕದ ಚಿತ್ರ ಒಳಗೆ ನುಸುಳಲು ಜಾಗ ಸಿಗುವುದಿಲ್ಲ. ಬರೀ ದನಿ ಕೇಳಿದರೆ "ದನಿ ಮಾತ್ರ" ಅಂತ ಹಾಕುತ್ತೇನೆ. ಯಾಕೆಂದರೆ ಘಟ್ಟದಲ್ಲಿ ಬೇರೆ ಹಕ್ಕಿಗಳ ದನಿ ಅಣಕಿಸುವ ಭೀಮರಾಜ ಹಕ್ಕಿ ಇದ್ದಾನೆ, ಶಿಕ್ರಾದ ಕೂಗನ್ನು ಅದಕ್ಕಿಂತ ಚೆನ್ನಾಗಿ ಕೂಗುತ್ತಾನೆ. ಚಳಿಗಾಲದಲ್ಲಿ ಬರುವ, ನೋಡಲು ಒಂದೇ ಥರ ಇರುವ ಪುಟ್ಟ ಎಲೆ ಉಲಿಯಕ್ಕಿಗಳು ಬಾಯಿ ಬಿಡದಿದ್ದರೆ ಅರ್ಧಕ್ಕರ್ಧ ಹೆಸರಿಲ್ಲದೇ ಉಳಿಯುತ್ತವೆ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು.

ಇದು ಅತಿಯಾದದ್ದೂ ಉಂಟು. ಕಳೆದ ಬೇಸಿಗೆಯಲ್ಲಿ ಊರ ಕೆರೆ ಏರಿ ಮೇಲೆ, ತಂತಿ ಮೇಲೆ ಕೂತ ಹಕ್ಕಿಯನ್ನು ಹತ್ತು ನಿಮಿಷ ನೋಡಿ "ಬೇಟೆ ಹಕ್ಕಿ, ಹೆಸರು ಖಚಿತವಿಲ್ಲ" ಅಂತ ಬರೆದೆ. ಮೇಷ್ಟ್ರು ಹೆಗಲ ಮೇಲಿಂದ ಇಣುಕಿದರು.

"ಶಿಕ್ರಾ ಕಣಯ್ಯಾ. ಬೂದು ಬೆನ್ನು, ಕೆಂಪು ಕಣ್ಣು, ತೆಳು ಗೆರೆ, ಎಲ್ಲಾ ಕಾಣ್ತಾ ಇದೆ. ಬರಿ!"

ಬರೆದೆ.