ಏರ್ ಲೈನಿನ ನೀರು: ಬೇಸಿಗೆಯ ಕೆಲಸ ಬೇರೆ, ಮಳೆಗಾಲದ್ದು ಬೇರೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಜೂನ್ ಮಳೆ ಹಿಡಿದ ಕೂಡಲೇ ನನಗೆ ಫೋನ್‌ಗಳು ಶುರುವಾಗುತ್ತವೆ. ಕಂಪ್ರೆಸರ್ ಒತ್ತಿದ ಗಾಳಿಯನ್ನು ಯಂತ್ರಗಳಿಗೆ ಒಯ್ಯುವ ಏರ್ ಲೈನಿನಲ್ಲಿ ನೀರು ಸೇರಿರುತ್ತದೆ. ಗಾಳಿಯಿಂದ ಓಡುವ ಸಿಲಿಂಡರ್ ತಡವರಿಸುತ್ತಿದೆ, ಸೊಲೆನಾಯ್ಡ್ ವಾಲ್ವ್ ಅಂಟಿಕೊಂಡಿದೆ, ಪೌಡರ್ ಕೋಟಿಂಗ್ ಗನ್ನಿನಲ್ಲಿ ಪುಡಿ ಉಂಡೆಗಟ್ಟಿದೆ. ಎಲ್ಲರ ತೀರ್ಪೂ ಒಂದೇ: ಗಾಳಿಯ ತೇವ ತೆಗೆಯುವ ಡ್ರೈಯರ್ ಕೆಟ್ಟಿದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಮೆಂಟೆನೆನ್ಸ್‌ಗೆ ಸೇರುವ ನಮ್ಮ ಹುಡುಗರಿಗೆ ನಾನು ಹೇಳುವುದು ಬೇರೆ. ಮಳೆಗಾಲದಲ್ಲಿ ಮೊದಲು ಲೈನಿನಲ್ಲಿ ಸೇರಿದ ನೀರು ಹೊರಬಿಡುವ ಡ್ರೇನ್ ನೋಡಿ. ಡ್ರೈಯರ್ ನೋಡಬೇಕಾದದ್ದು ಏಪ್ರಿಲ್‌ನಲ್ಲಿ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಜುಲೈನಲ್ಲಿ 27 ಡಿಗ್ರಿ, 85 ಶೇಕಡಾ ಆರ್ದ್ರತೆ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಿನಾವಿ ಇರುತ್ತದೆ. 7 ಬಾರ್‌ಗೆ (ಗೇಜ್ ತೋರಿಸುವುದು; ಹೊರಗಿನ ಗಾಳಿಯ 1 ಬಾರ್ ಸೇರಿ 8) ಒತ್ತಿದಾಗ ಎಂಟು ಘನ ಮೀಟರ್ ಗಾಳಿ ಒಂದರೊಳಗೆ ಸೇರುತ್ತದೆ, ಅಂದರೆ 176 ಗ್ರಾಂ. ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ಅದನ್ನು 37 ಡಿಗ್ರಿಗೆ ಇಳಿಸಿದರೆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು 44 ಗ್ರಾಂ ಮಾತ್ರ. ಮಿಕ್ಕಿದ್ದೆಲ್ಲ ಅಲ್ಲೇ ನೀರಾಗಿ ಇಳಿಯುತ್ತದೆ. 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ ಗಾಳಿ) ಕಂಪ್ರೆಸರ್ ಎಂಟು ಗಂಟೆ ಪೂರ್ಣ ಲೋಡ್‌ನಲ್ಲಿ ಓಡಿದರೆ ಹೀಗೆ ಇಳಿಯುವ ನೀರು 20 ಲೀಟರ್ ದಾಟುತ್ತದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ, 20 ಶೇಕಡಾ ಆರ್ದ್ರತೆಯಲ್ಲಿ ಆವಿ ಇರುವುದು 9 ಗ್ರಾಂ, ಒತ್ತಿದ ಮೇಲೆ 72. ಆದರೆ ಆಗ ಆಫ್ಟರ್‌ಕೂಲರ್‌ನಿಂದ ಹೊರಬರುವ ಗಾಳಿಯೇ 48 ಡಿಗ್ರಿ ಇರುತ್ತದೆ, ಅದು 72 ಗ್ರಾಂ ಆವಿಯನ್ನೂ ಹೊತ್ತುಕೊಳ್ಳುತ್ತದೆ. ಡ್ರೇನ್‌ನಲ್ಲಿ ಹನಿ ನೀರಿಲ್ಲ, ಎಲ್ಲರಿಗೂ ಸಮಾಧಾನ. ಅಷ್ಟೂ ಆವಿ ಡ್ರೈಯರ್ ತಲೆಯ ಮೇಲೆ ಬಿದ್ದಿರುತ್ತದೆ.

ಆದ್ದರಿಂದ ಮಳೆಗೆ ಮುಂಚೆ ಆಟೋ ಡ್ರೇನ್‌ಗಳನ್ನು ಬಿಚ್ಚಿ. ಐಸೊಲೇಷನ್ ವಾಲ್ವ್ ಮುಚ್ಚಿ, ಒಳಗಿನ ಒತ್ತಡ ಪೂರ್ತಿ ಬಿಟ್ಟ ಮೇಲೆಯೇ ಸ್ಪ್ಯಾನರ್ ಹಾಕಬೇಕು. ತುಕ್ಕಿನ ಪುಡಿ ಎಣ್ಣೆಯೊಡನೆ ಬೆರೆತು ಕಂದು ಬಣ್ಣದ ಗಸಿಯಾಗಿ ಸ್ಟ್ರೈನರ್ ಜಾಲರಿಗೆ ಮೆತ್ತಿಕೊಂಡಿರುತ್ತದೆ, ಡ್ರೇನ್ ಸಾಯುವುದು ಹೆಚ್ಚಾಗಿ ಅದರಿಂದಲೇ. ಟೈಮರ್ ಡ್ರೇನ್ ಆದರೆ ಬೇಸಿಗೆಯ ಸೆಟ್ಟಿಂಗ್ ಜುಲೈಗೆ ಸಾಲದು, ತೆರೆಯುವ ಅಂತರ ಕಡಿಮೆ ಮಾಡಿ. ದಿನಕ್ಕೊಮ್ಮೆ ರಿಸೀವರ್ (ಗಾಳಿ ಕೂಡಿಡುವ ಟ್ಯಾಂಕ್) ಕೆಳಗಿನ ಕೈವಾಲ್ವ್ ನಿಧಾನವಾಗಿ ತೆರೆದು ನೋಡಿ. ಒಂದು ಚೊಂಬಿನಷ್ಟು ನೀರು ಬಂದರೂ ಆಟೋ ಡ್ರೇನ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ, ಅದರ ಹಸಿರು ದೀಪ ಏನೇ ಹೇಳಲಿ. ಸೆಪರೇಟರ್, ರಿಸೀವರ್, ಫಿಲ್ಟರ್, ಡ್ರೈಯರ್ ನಾಲ್ಕರ ಡ್ರೇನ್‌ಗಳನ್ನೂ ಒಂದೇ ಸಣ್ಣ ಪೈಪಿಗೆ ಜೋಡಿಸುವ ಉಳಿತಾಯ ಬೇಡ. ಹೆಚ್ಚು ಒತ್ತಡ ಇರುವ ಕಡೆಯ ನೀರು ಕಡಿಮೆ ಇರುವ ಕಡೆಗೆ ಹಿಂದಕ್ಕೆ ನುಗ್ಗುತ್ತದೆ.

ಇನ್ನು ಏಪ್ರಿಲ್ ಕೆಲಸ. ರೆಫ್ರಿಜರೇಷನ್ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ನೀರು ಬೇರ್ಪಡಿಸುತ್ತದೆ. ಕ್ಯಾಟಲಾಗ್‌ನಲ್ಲಿ ಬರೆದ ಸಾಮರ್ಥ್ಯ ಸಾಮಾನ್ಯವಾಗಿ ಡ್ರೈಯರ್‌ಗೆ ಒಳಬರುವ 35 ಡಿಗ್ರಿಯ ಗಾಳಿ, 25 ಡಿಗ್ರಿಯ ಕೋಣೆಗೆ ಹೇಳಿದ್ದು. ಭೋಸರಿಯ ತಗಡಿನ ಶೆಡ್ಡಿನಲ್ಲಿ ಆ 25 ಡಿಗ್ರಿ ಎಲ್ಲಿಂದ ಬರಬೇಕು? 48 ಡಿಗ್ರಿಯ ಗಾಳಿ ಕೊಟ್ಟರೆ ಸಾಮರ್ಥ್ಯ ಮೂರನೇ ಒಂದು ಭಾಗದಷ್ಟಾದರೂ ಇಳಿಯುತ್ತದೆ. ಖರೀದಿಗೆ ಮೊದಲೇ ಮಾರಾಟಗಾರರಿಂದ, ಬಿಸಿ ಹೆಚ್ಚಿದಾಗ ಸಾಮರ್ಥ್ಯ ಎಷ್ಟು ಇಳಿಯುತ್ತದೆ ಎಂದು ತೋರಿಸುವ ಕರೆಕ್ಷನ್ ಫ್ಯಾಕ್ಟರ್ ಕೋಷ್ಟಕ ಕೇಳಿ ಪಡೆಯಿರಿ. ಡ್ರೈಯರ್ ಈಗಾಗಲೇ ಇದ್ದರೆ ಅದರ ಕಂಡೆನ್ಸರ್ ರೆಕ್ಕೆಗಳ ಧೂಳು ತೆಗೆಯಿರಿ, ಕಂಪ್ರೆಸರ್‌ನ ಬಿಸಿಗಾಳಿ ಡಕ್ಟ್ ಮೂಲಕ ಹೊರಗೆ ಹೋಗುವಂತೆ ಮಾಡಿ. ಒಂದು ಘಟಕದಲ್ಲಿ ಕಂಪ್ರೆಸರ್ ಉಗುಳುವ ಬಿಸಿಗಾಳಿ ನೇರವಾಗಿ ಡ್ರೈಯರ್ ಮುಖಕ್ಕೆ ಬಡಿಯುತ್ತಿತ್ತು. ಡ್ರೈಯರನ್ನು ಎದುರು ಗೋಡೆಗೆ ಸರಿಸಿದೆವು, ಹೊಸ ಡ್ರೈಯರ್‌ನ ಖರ್ಚು ಉಳಿಯಿತು.

ಪೈಪ್ ಹಾಕುವಾಗ ಹರಿವಿನ ದಿಕ್ಕಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಿ. ಯಂತ್ರಗಳಿಗೆ ಹೋಗುವ ಕವಲನ್ನು ಹೆಡರ್‌ನ (ಮುಖ್ಯ ಪೈಪಿನ) ಮೇಲ್ಭಾಗದಿಂದ ತೆಗೆದು ಬಾಗಿಸಿ ಕೆಳಗೆ ಇಳಿಸಿ; ಹೊಟ್ಟೆಯಿಂದ ತೆಗೆದರೆ ಪೈಪಿನ ತಳದ ನೀರು ನೇರವಾಗಿ ಯಂತ್ರಕ್ಕೆ ಹೋಗುತ್ತದೆ.

ತೇವ ಹೀರುವ ಹರಳು ತುಂಬಿದ ಡೆಸಿಕೆಂಟ್ ಡ್ರೈಯರ್ ಎಲ್ಲರಿಗೂ ಬೇಕಿಲ್ಲ. ಮೈನಸ್ 40 ಡಿಗ್ರಿಯ ಡ್ಯೂ ಪಾಯಿಂಟ್ (ಆವಿ ನೀರಾಗತೊಡಗುವ ಉಷ್ಣತೆ) ಕೆಲವು ಔಷಧ ತಯಾರಿಕೆಗೆ, ಸೂಕ್ಷ್ಮ ಉಪಕರಣಗಳಿಗೆ ಬೇಕಾದೀತು. ಹೀಟರ್ ಇಲ್ಲದ ಮಾದರಿ ತನ್ನನ್ನು ತಾನೇ ಒಣಗಿಸಿಕೊಳ್ಳಲು ಸುಮಾರು 15 ಶೇಕಡಾ ಗಾಳಿಯನ್ನು ಹೊರಗೆ ಬಿಡುತ್ತದೆ. ಸಾಮಾನ್ಯ ಸಿಲಿಂಡರ್, ಗ್ರೈಂಡರ್ ಓಡಿಸುವವರಿಗೆ ಅದು ದುಂದುವೆಚ್ಚ.

ಎಫ್‌ಆರ್‌ಎಲ್‌ನ (ಯಂತ್ರದ ಬಳಿಯ ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್ ಜೋಡಣೆಯ) ಪಾರದರ್ಶಕ ಬಟ್ಟಲನ್ನು ಥಿನ್ನರ್‌ನಿಂದ ತೊಳೆಯಬೇಡಿ. ಪಾಲಿಕಾರ್ಬೊನೇಟ್ ಕಣ್ಣಿಗೆ ಕಾಣದಷ್ಟು ಸೀಳಿ, ಒತ್ತಡ ಬಂದಾಗ ಒಡೆಯುತ್ತದೆ. ಸಾಬೂನು ನೀರು ಸಾಕು. ಎಣ್ಣೆ ಹಾಕುವ ಕಂಪ್ರೆಸರ್ ಆದರೆ ಡ್ರೇನ್‌ನಿಂದ ಬಂದ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಅದು ಎಣ್ಣೆ ಬೆರೆತ ನೀರು, ಮಳೆನೀರಿನ ಚರಂಡಿಗೆ ಬಿಡುವಂತಿಲ್ಲ. ಆಯಿಲ್ ಸೆಪರೇಟರ್ ಮೂಲಕ ಹಾಯಿಸಿ, ಬೇರೆಯಾದ ಎಣ್ಣೆಯನ್ನು ಹಳೆ ಎಣ್ಣೆ ಪಡೆಯುವ ಪರವಾನಗಿದಾರರಿಗೆ ಕೊಡಬೇಕು.