ವಯಸ್ಸು ಕೇಳಿ, ನಕ್ಷತ್ರ ತೋರಿಸಿ

ತಾರಸಿ ಮೇಲೆ ಜನರಿಗೆ ಆಕಾಶ ತೋರಿಸುವವರಿಗೆ ಒಂದು ಸಲಹೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂತ ಶುರು ಮಾಡಬೇಡಿ, ಯಾರ ತಲೆಗೂ ಹೋಗುವುದಿಲ್ಲ. ಮೊದಲು ವಯಸ್ಸು ಕೇಳಿ. ಎಂಟೂವರೆ ವರ್ಷದ ಮಗುವಿಗೆ ಲುಬ್ಧಕ ತೋರಿಸಿ, 65ರ ಅಜ್ಜಿಗೆ ರೋಹಿಣಿ. ಫೆಬ್ರವರಿ ಸಂಜೆ ಎರಡೂ ಚೆನ್ನಾಗಿ ಕಾಣುತ್ತವೆ. ಮೇ, ಜೂನ್‌ನಲ್ಲಾದರೆ 37ರ ಆಸುಪಾಸಿನವರಿಗೆ ಸ್ವಾತಿ. "ನೀವು ಹುಟ್ಟಿದ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಈಗ ನಿಮ್ಮ ಕಣ್ಣಿಗೆ ಬೀಳ್ತಿದೆ" ಅನ್ನಿ. (ತಮ್ಮದು ರೋಹಿಣಿ ನಕ್ಷತ್ರ ಅನ್ನುವ ಎಷ್ಟೋ ಜನ ಅದನ್ನು ಕಣ್ಣಾರೆ ನೋಡಿಯೇ ಇರುವುದಿಲ್ಲ!)

ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಆ ನಕ್ಷತ್ರ ಈಗ ಅಲ್ಲಿದೆಯಾ?" ತಕ್ಷಣ ಉತ್ತರ ಕೊಡಬೇಡಿ. "ಈಗ ಅಂದ್ರೆ ಯಾವಾಗ?" ಅಂತ ತಿರುಗಿ ಕೇಳಿ, ಸುಮ್ನೆ ನಿಂತುಬಿಡಿ. ತತ್ತ್ವಶಾಸ್ತ್ರದ ಚರ್ಚೆ ಅವರೇ ಶುರು ಮಾಡುತ್ತಾರೆ.