12,34,56,789ನ್ನು ಕೈಲೆಕ್ಕದಲ್ಲೇ ಒಡೆದೆ

ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಸಾಲಾಗಿ ಬರೆದರೆ ಸಿಗುವ 12,34,56,789ರ ಭಾಜಕಗಳನ್ನು ಕಂಪ್ಯೂಟರ್ ಮುಟ್ಟದೆ ಹುಡುಕಬೇಕೆಂಬ ಹಟ ಒಮ್ಮೆ ನನಗೆ ಹತ್ತಿತು. ಆರಂಭ ಸಲೀಸು. ಅಂಕಿಗಳ ಮೊತ್ತ 45, ಆದ್ದರಿಂದ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಭಾಗಲಬ್ಧ 1,37,17,421. ಇದರ ಅಂಕಿಗಳ ಮೊತ್ತ 26; ಅಲ್ಲಿಗೆ 3ರ ಸಹವಾಸ ಮುಗಿಯಿತು.

ಮುಂದಿನದು ಶುದ್ಧ ಕತ್ತೆ ದುಡಿಮೆ. 7, 11, 13, 17 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸುತ್ತ ಎರಡು ಸಂಜೆಗಳಲ್ಲಿ 293ರವರೆಗೆ ಬಂದೆ. 113ರ ಬಳಿ ಶೇಷ ಸೊನ್ನೆ ಬಂದಂತೆ ಕಂಡು ಹಿಗ್ಗಿದ್ದೂ ಆಯಿತು. ತಿರುಗಿ ಗುಣಿಸಿ ನೋಡಿದರೆ 12 ಉಳಿದಿತ್ತು. ವರ್ಗಮೂಲವೋ 3703ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ ಹೋಗುವುದೆಂದರೆ ಐನೂರಕ್ಕೂ ಮಿಕ್ಕಿ ಭಾಗಾಕಾರ!

ಆಗ ನೆನಪಾದದ್ದು ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಉಪಾಯ. ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆದರೆ, ಆ ಎರಡರ ಮೂಲಗಳನ್ನು ಕೂಡಿದರೆ ಒಂದು ಅಪವರ್ತನ, ಕಳೆದರೆ ಇನ್ನೊಂದು. ವರ್ಗಮೂಲದ ಮೇಲಿನ ಮೊದಲ ಪೂರ್ಣಾಂಕದಿಂದ ಹೊರಟೆ. 3704ರ ವರ್ಗ 1,37,19,616. ಅದರಿಂದ ನಮ್ಮ ಸಂಖ್ಯೆಯನ್ನು ಕಳೆದರೆ 2195. ಐದರಲ್ಲಿ ಮುಗಿಯುವ ವರ್ಗಸಂಖ್ಯೆ 25ರಲ್ಲೇ ಮುಗಿಯಬೇಕಾದ್ದರಿಂದ ಇದು ಕಣ್ಣಳತೆಯಲ್ಲೇ ಬಿದ್ದುಹೋಯಿತು. ಮುಂದಿನದು 3705. ಮತ್ತೆ ವರ್ಗ ಮಾಡುವ ಅಗತ್ಯವಿಲ್ಲ. 3704 ಮತ್ತು 3705ರ ಮೊತ್ತ 7409ನ್ನು 2195ಕ್ಕೆ ಸೇರಿಸಿದರೆ ಸಾಕು. ಬಂದದ್ದು 9604, ಅಂದರೆ 98ರ ವರ್ಗ. ಎರಡನೆಯ ಯತ್ನಕ್ಕೇ! 3705ರಿಂದ 98 ಕಳೆದರೆ 3607, ಕೂಡಿದರೆ 3803. ಎರಡು ಸಂಜೆಗಳ ಹಾಳೆಗಳನ್ನು ಏನು ಮಾಡುವುದೆಂದು ತಿಳಿಯದೆ ಸುಮ್ಮನೆ ಕುಳಿತೆ.

ಇದರಲ್ಲಿ ನನ್ನ ಜಾಣತನಕ್ಕಿಂತ ಅದೃಷ್ಟದ ಪಾಲೇ ದೊಡ್ಡದು. ಅಪವರ್ತನಗಳು ವರ್ಗಮೂಲದ ಆಚೀಚೆ ಅಂಟಿಕೊಂಡಂತೆ ಇದ್ದವು. ದೂರ ದೂರ ಇದ್ದಿದ್ದರೆ ಈ ಉಪಾಯವೂ ಕತ್ತೆ ದುಡಿಮೆಯೇ. 3607 ಮತ್ತು 3803 ಎರಡೂ ಅವಿಭಾಜ್ಯವೆಂದು ಖಚಿತಪಡಿಸಿಕೊಳ್ಳಲು 61ರವರೆಗೆ ಭಾಗಿಸಿ ನೋಡಿದರೆ ಸಾಕಾಯಿತು.

ಅಪವರ್ತನಗಳು ಕೈಗೆ ಬಂದ ಮೇಲೆ ಉಳಿದ ಗುಣಗಳು ತಾವಾಗಿಯೇ ಉದುರುತ್ತವೆ. ಒಟ್ಟು ಭಾಜಕಗಳು 12. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 5,49,66,027. ಸಂಖ್ಯೆಯ ಅರ್ಧಕ್ಕೂ ಕಡಿಮೆ. ನನಗೆ ಹೆಚ್ಚು ಹಿಡಿಸಿದ್ದು ಬೇರೆಯೇ ಒಂದು ಸಂಗತಿ. 4ರಿಂದ ಭಾಗಿಸಿದಾಗ ಈ ಸಂಖ್ಯೆ 1 ಶೇಷ ಕೊಡುವುದರಿಂದ ಎರಡು ವರ್ಗಗಳ ಮೊತ್ತವಾದೀತು ಎಂದು ಆಸೆಪಟ್ಟಿದ್ದೆ. ಆದರೆ 3607, 3803 ಎರಡೂ 3 ಶೇಷ ಕೊಡುವ ಜಾತಿಯವು, ಎರಡೂ ಒಂದೊಂದೇ ಸಲ ಬರುತ್ತವೆ. ಇಂಥ ಅವಿಭಾಜ್ಯಗಳು ಸಮ ಸಂಖ್ಯೆಯ ಸಲ ಬಂದರೆ ಮಾತ್ರ ಎರಡು ವರ್ಗಗಳ ಮೊತ್ತ ಸಿಗುತ್ತದೆ. ಹಾಗಾಗಿ ಅದು ಸಾಧ್ಯವೇ ಇಲ್ಲ.

ಈಗ ಅಂಕಿಗಳನ್ನು ತಿರುಗಿಸಿ 98,76,54,321ನ್ನು ಹಿಡಿದಿದ್ದೇನೆ. 9 ಹೋಯಿತು, 17 ಎರಡು ಸಲ ಹೋಯಿತು. ಉಳಿದಿರುವುದು 3,79,721, ಅದರ ವರ್ಗಮೂಲ 616ರ ಮೇಲೆ ಚೂರು.